ನಿಶ್ಚಿತಾರ್ಥದ ಉಂಗುರಕ್ಕೆ ಹಳೆಯ ಕಟಿಂಗ್‌ನ ವಜ್ರ: ಒಂದೂವರೆ ಲಕ್ಷದಲ್ಲಿ ಏನನ್ನು ಬಿಟ್ಟುಕೊಡಬಹುದು?

ಸರಸ್ವತಿಪುರಂ ನಿವಾಸಿ

ಎಲ್ಲರಿಗೂ ನಮಸ್ಕಾರ. ಬರುವ ಮಾಘದಲ್ಲಿ ಮೈಸೂರಿನಲ್ಲೇ ನನ್ನ ನಿಶ್ಚಿತಾರ್ಥ ನಡೆಯಲಿದೆ. ನಾನು ಮದುವೆಯಾಗಲಿರುವ ಹುಡುಗಿಗೆ ಅವರ ಅಜ್ಜಿಯ ಏಳು ಕಲ್ಲಿನ ವಜ್ರದ ಓಲೆಯ ಮೇಲೆ ಚಿಕ್ಕಂದಿನಿಂದ ಆಸೆ. ಈಗಿನ ವಜ್ರಗಳು ಸಣ್ಣ ಸಣ್ಣ ಚೂರುಗಳಾಗಿ ಮಿನುಗುತ್ತವೆ, ಅಜ್ಜಿಯ ಕಲ್ಲುಗಳು ದೊಡ್ಡ ಕಿಡಿಗಳಾಗಿ ನಿಧಾನವಾಗಿ ಹೊಳೆಯುತ್ತವೆ ಎಂದು ಅವರು ಹೇಳುತ್ತಾರೆ. ಆದ್ದರಿಂದ ಉಂಗುರಕ್ಕೂ ಅಂಥದೇ ಹಳೆಯ ಕಟಿಂಗ್‌ನ ಒಂದು ಕಲ್ಲನ್ನು ಹುಡುಕುತ್ತಿದ್ದೇನೆ. ಕಲ್ಲು, ಚಿನ್ನ, ಕೂಲಿ, ತೆರಿಗೆ ಎಲ್ಲವೂ ಸೇರಿ 1,50,000 ರೂಪಾಯಿಯನ್ನು ಮೀರುವಂತಿಲ್ಲ.

ಅಶೋಕ ರಸ್ತೆಯಲ್ಲಿ ಎರಡು ಕಲ್ಲುಗಳನ್ನು ನೋಡಿದ್ದೇನೆ, ಎರಡೂ ದುಂಡಗಿನವು. ಮೊದಲನೆಯದು ಬಿಡಿ ಕಲ್ಲು, ತೂಕ 65 ಸೆಂಟ್ (ನೂರು ಸೆಂಟ್ ಸೇರಿದರೆ ಒಂದು ಕ್ಯಾರೆಟ್), ಅಗಲ 5.6 ಮಿಲಿಮೀಟರ್, ಆಳ 3.4 ಮಿಲಿಮೀಟರ್. ಬಣ್ಣ ತುಸು ಹಳದಿ. ಬಣ್ಣದ ದರ್ಜೆ ‘ಎಲ್’ ಇರಬಹುದೆಂದು ಅಂಗಡಿಯವರೇ ಹೇಳಿದರು. ಅಂಚಿನಲ್ಲಿ ಒಂದು ಕಡೆ ಸಣ್ಣ ಚಕ್ಕೆ ಹೋಗಿದೆ. ಎರಡನೆಯದು ಬೇರೊಂದು ಅಂಗಡಿಯಲ್ಲಿ ಹಳೆಯ ಉಂಗುರವೊಂದರಲ್ಲೇ ಕೂತಿದೆ, ನೋಡಲು ಬೆಳ್ಳಗಿದೆ, ಚಕ್ಕೆ ಏನೂ ಇಲ್ಲ, 75 ಸೆಂಟ್ ಎಂದು ಹೇಳುತ್ತಿದ್ದಾರೆ. ಉಂಗುರದ ಹಿಂಬದಿ ತೆರೆದಿರುವುದರಿಂದ ಗೇಜ್ ಇಟ್ಟು ಅಳೆದು ತೋರಿಸಿದರು: ಅಗಲ 5.3, ಆಳ 3.8. ಇದಕ್ಕೆ ಮೊದಲನೆಯದಕ್ಕಿಂತ ಸಾಕಷ್ಟು ಹೆಚ್ಚು ಬೆಲೆ. ಕೊಂಡರೆ ನನ್ನ ಹಣವೆಲ್ಲ ಅಲ್ಲಿಗೇ ಮುಗಿಯುತ್ತದೆ. ಬಿಳುಪು ಹಾಗೂ ತೂಕ ನೋಡಿ ಎರಡನೆಯದನ್ನೇ ತೆಗೆದುಕೊ ಎಂದು ಸೋದರಮಾವ ಹೇಳುತ್ತಾರೆ. ತಿಳಿದವರು ದಯವಿಟ್ಟು ಅಭಿಪ್ರಾಯ ತಿಳಿಸಬೇಕು.

ಕಲ್ಲು ಕೂರಿಸುವವನು

ನಾನು ಸಂತೇಪೇಟೆಯ ಕಡೆ ಕಲ್ಲು ಕೂರಿಸುವ ಕೆಲಸ ಮಾಡುತ್ತೇನೆ. ಬೆಲೆಯ ಮಾತು ನನ್ನದಲ್ಲ, ಚಕ್ಕೆಯ ಬಗ್ಗೆ ಮಾತ್ರ ಹೇಳುತ್ತೇನೆ. ಇನ್ನೊಂದು ವಜ್ರದಿಂದಲ್ಲದೆ ವಜ್ರಕ್ಕೆ ಗೀರು ಬೀಳುವುದಿಲ್ಲವೆಂಬುದು ನಿಜ, ಆದರೆ ಅದು ಒಡೆಯುವುದೇ ಇಲ್ಲವೆಂದು ತಿಳಿಯಬಾರದು. ಅದರೊಳಗೆ ನಾಲ್ಕು ದಿಕ್ಕಿನಲ್ಲಿ ಸೀಳುವ ಪದರಗಳಿರುತ್ತವೆ. ಆ ದಿಕ್ಕಿಗೆ ಸರಿಯಾಗಿ ಏಟು ಬಿದ್ದರೆ ಚಕ್ಕೆ ಏಳುತ್ತದೆ. ಹಳೆಯ ಕಲ್ಲುಗಳಲ್ಲಿ ಮೇಲಿನ ಭಾಗವೂ ಕೆಳಗಿನ ಭಾಗವೂ ಕೂಡುವ ಸುತ್ತಂಚು, ಅಂದರೆ ಗರ್ಡಲ್, ಕೆಲವೊಮ್ಮೆ ಕತ್ತಿಯ ಅಲಗಿನಷ್ಟು ತೆಳ್ಳಗಿರುತ್ತದೆ. ಅಂಥ ಕಲ್ಲನ್ನು ನಾಲ್ಕು ಕಾಲಿನ ಪ್ರಾಂಗ್‌ನಲ್ಲಿ, ಅಂದರೆ ನಾಲ್ಕೇ ಕಡೆ ಹಿಡಿಯುವ ಕೊಕ್ಕೆಗಳಲ್ಲಿ, ಕೂರಿಸಿಕೊಡಿ ಎಂದರೆ ನಾನು ಒಪ್ಪುವುದಿಲ್ಲ. ಸುತ್ತಲೂ ಚಿನ್ನದ ಪಟ್ಟಿಯನ್ನು ಕಲ್ಲಿನ ಅಂಚಿನ ಮೇಲೆ ಮಡಚಿ, ಹಿಂಬದಿಯನ್ನು ಮಾತ್ರ ತೆರೆದಿಟ್ಟು ಕೂರಿಸಬಹುದು. ಆಗ ಈಗಿರುವ ಚಕ್ಕೆಯೂ ಮುಚ್ಚುತ್ತದೆ, ಮುಂದೆ ಬೀಳಬಹುದಾದ ಏಟಿನಿಂದಲೂ ರಕ್ಷಣೆ ಸಿಗುತ್ತದೆ.

ಆದರೆ ಒಂದು ಷರತ್ತು ಇದೆ. ಚಕ್ಕೆ ಅಂಚಿನಲ್ಲೇ ನಿಂತಿರಬೇಕು. ಅಲ್ಲಿಂದ ಒಳಕ್ಕೆ ಕೂದಲೆಳೆಯಂಥ ಗೆರೆ ಹೊರಟಿದ್ದರೆ ಪಟ್ಟಿ ಮಡಚುವಾಗಲೇ ಕಲ್ಲು ಸೀಳಬಹುದು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಹಿಡಿದು, ಮೇಲಿನಿಂದಲ್ಲದೆ ಪಕ್ಕದಿಂದಲೂ ಹಿಂದಿನಿಂದಲೂ ನೋಡಿ.

ಕುವೆಂಪುನಗರ, ರತ್ನಶಾಸ್ತ್ರ ಕಲಿತವಳು

ನೀವು ಕೊಟ್ಟಿರುವ ಅಳತೆಗಳಲ್ಲೇ ಅರ್ಧ ಉತ್ತರವಿದೆ, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಉಂಗುರದಲ್ಲಿ ಕೂತ ದುಂಡು ವಜ್ರದ ತೂಕವನ್ನು ಅಂದಾಜು ಮಾಡಲು ವ್ಯಾಪಾರದಲ್ಲಿ ಒಂದು ಸೂತ್ರ ಬಳಕೆಯಲ್ಲಿದೆ: ಅಗಲವನ್ನು ಅಗಲದಿಂದಲೇ ಗುಣಿಸಿ, ಬಂದದ್ದನ್ನು ಆಳದಿಂದ ಗುಣಿಸಿ, ಕೊನೆಗೆ 0.0061ರಿಂದ ಗುಣಿಸಿದರೆ ಕ್ಯಾರೆಟ್ ಸಿಗುತ್ತದೆ. ಮೊದಲ ಕಲ್ಲಿಗೆ ಈ ಲೆಕ್ಕ ಹಾಕಿದರೆ 0.65 ಬರುತ್ತದೆ, ಅದು ತೂಗಿದ ತೂಕಕ್ಕೆ ಸರಿಹೊಂದುತ್ತದೆ. ಎರಡನೆಯದಕ್ಕೆ ಹಾಕಿದರೂ 0.65 ಬರುತ್ತದೆ, 0.75 ಅಲ್ಲ. ಇದು ಅಂದಾಜು ಲೆಕ್ಕವಾದ್ದರಿಂದ ಎರಡು ಮೂರು ಸೆಂಟ್ ಆಚೀಚೆ ಆಗಬಹುದು, ಆದರೆ ಹತ್ತು ಸೆಂಟ್ ವ್ಯತ್ಯಾಸವನ್ನು ಹಾಗೆಂದು ಬಿಡಲಾಗುವುದಿಲ್ಲ. ಅದರಲ್ಲೂ ವಜ್ರದ ಕ್ಯಾರೆಟ್ ದರ 50, 70, 90, 100 ಸೆಂಟ್‌ಗಳ ಗಡಿ ದಾಟಿದಾಗಲೆಲ್ಲ ಜಿಗಿಯುತ್ತದೆ. ಆ ಕಲ್ಲನ್ನು 75 ಎಂದು ಒಪ್ಪಿಕೊಂಡರೆ ಇಲ್ಲದ ಹತ್ತು ಸೆಂಟ್‌ಗೂ ದುಡ್ಡು ಕೊಟ್ಟಂತೆ, ಇಡೀ ಕಲ್ಲಿಗೆ ಮೇಲಿನ ದರವನ್ನೂ ಕೊಟ್ಟಂತೆ ಆಗುತ್ತದೆ. ಕಲ್ಲನ್ನು ಉಂಗುರದಿಂದ ಬಿಚ್ಚಿ ತೂಗಿದ ಮೇಲೆಯೇ ಬೆಲೆ ಮಾತಾಡೋಣ ಎಂದು ಹೇಳಿ. ಮರ್ಯಾದಸ್ಥ ವ್ಯಾಪಾರಿ ಇದಕ್ಕೆ ಬೇಸರಿಸಿಕೊಳ್ಳುವುದಿಲ್ಲ.

ಇನ್ನು ಎರಡೂ ಒಂದೇ ತೂಕವೆಂದು ಇಟ್ಟುಕೊಂಡರೆ, 5.6 ಅಗಲದ ಕಲ್ಲು ಬೆರಳಿನ ಮೇಲೆ 5.3 ಅಗಲದ ಕಲ್ಲಿಗಿಂತ ಹೆಚ್ಚುಕಡಿಮೆ ಶೇಕಡಾ 12ರಷ್ಟು ಹೆಚ್ಚು ಹರವಿನಲ್ಲಿ ಕಾಣುತ್ತದೆ. ಎರಡನೆಯ ಕಲ್ಲಿನ ತೂಕವೆಲ್ಲ ಆಳದಲ್ಲಿ ಅಡಗಿದೆ. ಅಗಲಕ್ಕೆ ಹೋಲಿಸಿದರೆ ಅದರ ಆಳ ಶೇಕಡಾ 71ನ್ನೂ ದಾಟುತ್ತದೆ. ಹಳೆಯ ಕಲ್ಲುಗಳು ಆಳವಾಗಿಯೇ ಇರುತ್ತವೆ ಎಂಬುದನ್ನು ಒಪ್ಪಿದರೂ ಇದು ಅತಿಯಾಯಿತು. ಇಂಥ ಕಲ್ಲುಗಳಲ್ಲಿ ಬೆಳಕು ಮೇಲಕ್ಕೆ ಹಿಂತಿರುಗದೆ ಕೆಳಗೆ ಸೋರಿ, ನಡುಭಾಗ ಕಪ್ಪಗೆ ಸತ್ತಂತೆ ಕಾಣುವ ಸಾಧ್ಯತೆ ಇರುತ್ತದೆ. ಅಂಗಡಿಯ ಸ್ಪಾಟ್ ದೀಪದ ಕೆಳಗೆ ಇದು ತಿಳಿಯುವುದಿಲ್ಲ. ಅಲ್ಲಿ ಗಾಜಿನ ಚೂರೂ ಹೊಳೆಯುತ್ತದೆ. ಕಲ್ಲನ್ನು ಬಾಗಿಲಿನ ಬಳಿಗೆ ತಂದು, ನೇರ ಬಿಸಿಲು ತಾಗದ ಜಾಗದಲ್ಲಿ, ನಿಮ್ಮ ಮೈಯ ನೆರಳಿನಲ್ಲಿ ಹಿಡಿದು ಮೆಲ್ಲನೆ ಓಲಾಡಿಸಿ ನೋಡಿ. ಕಪ್ಪು ಚೌಕಗಳೂ ಬಿಳಿ ಚೌಕಗಳೂ ಒಂದರ ಜಾಗಕ್ಕೆ ಇನ್ನೊಂದು ಬರುತ್ತಿದ್ದರೆ ಕಲ್ಲಿಗೆ ಜೀವವಿದೆ. ಎತ್ತ ಓಲಾಡಿಸಿದರೂ ನಡುವಿನ ಕಪ್ಪು ಕದಲದಿದ್ದರೆ ಅದನ್ನು ಬಿಟ್ಟುಬಿಡಿ. ನಡುವೆ ಕಾಣುವ ಚಿಕ್ಕ ಉಂಗುರದಂಥ ಗುರುತನ್ನು ಮಾತ್ರ ದೋಷವೆಂದು ತಿಳಿಯಬೇಡಿ. ಹಿಂದಿನವರು ಕಲ್ಲಿನ ತಳದ ಮೊನೆಯನ್ನು ಚೂಪಾಗಿ ಬಿಡದೆ ಸಣ್ಣದಾಗಿ ಮಟ್ಟಸ ಮಾಡುತ್ತಿದ್ದರು, ಮೇಲಿನಿಂದ ನೋಡುವಾಗ ಕಾಣುವುದು ಅದೇ.

ಈ ಕಲ್ಲುಗಳು ಹೀಗೇಕಿವೆ ಎಂಬುದು ತಿಳಿದಿದ್ದರೆ ಆಯ್ಕೆ ಸುಲಭವಾಗುತ್ತದೆ. ಕಚ್ಚಾ ವಜ್ರ ಹೆಚ್ಚಾಗಿ ಎರಡು ಪಿರಮಿಡ್‌ಗಳನ್ನು ಬುಡಕ್ಕೆ ಬುಡ ಸೇರಿಸಿದಂತಹ ಎಂಟು ಮುಖದ ಆಕಾರದಲ್ಲಿ ಸಿಗುತ್ತದೆ. ಕೈಯಿಂದಲೇ ಉಜ್ಜುತ್ತಿದ್ದ ಕಾಲದಲ್ಲಿ ಆ ಆಕಾರವನ್ನು ಅನುಸರಿಸಿ, ಮೂಲೆ ದುಂಡಾದ ಚೌಕದಂತೆ ತೀಡುತ್ತಿದ್ದರು. ಅದು ಓಲ್ಡ್ ಮೈನ್ ಕಟ್. 1870ರ ದಶಕದಲ್ಲಿ ಬಾಸ್ಟನ್‌ನ ಹೆನ್ರಿ ಮೋರ್ಸ್ ಅವರ ಕಾರ್ಯಾಗಾರದಲ್ಲಿ ಅಂಚನ್ನು ದುಂಡಗೆ ಮಾಡುವ ಯಂತ್ರ ಬಂದ ನಂತರ ಪೂರ್ತಿ ದುಂಡಗಿನ ಓಲ್ಡ್ ಯುರೋಪಿಯನ್ ಕಟ್ ಬಳಕೆಗೆ ಬಂತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯಂತ್ರದ ಗರಗಸ ಬಂತು, 1919ರಲ್ಲಿ ಮಾರ್ಸೆಲ್ ಟೋಲ್ಕೋವ್‌ಸ್ಕಿ ವಜ್ರದೊಳಗೆ ಬೆಳಕು ಸಾಗುವ ಲೆಕ್ಕಾಚಾರವನ್ನು ಪ್ರಕಟಿಸಿದರು, ನಂತರ ನಿಧಾನವಾಗಿ ಇಂದಿನ ರೌಂಡ್ ಬ್ರಿಲಿಯಂಟ್ ರೂಪುಗೊಂಡಿತು. ಹಳೆಯ ಕಲ್ಲಿಗೂ ಇಂದಿನ ಕಲ್ಲಿಗೂ ಸಾಮಾನ್ಯವಾಗಿ 58 ಮುಖಗಳೇ. ಆದರೆ ಹಳೆಯದರಲ್ಲಿ ಮೇಲಿನ ಸಮತಟ್ಟು ಮುಖ ಚಿಕ್ಕದು, ಅದರ ಸುತ್ತಲಿನ ಇಳಿಜಾರು ಕಡಿದು, ಕೆಳಗಿನ ಮುಖಗಳು ಅಗಲ. ನಿಮ್ಮ ಹುಡುಗಿ ಹೇಳುವ ದೊಡ್ಡ ಕಿಡಿಗಳು ಹುಟ್ಟುವುದು ಆ ಅಗಲ ಮುಖಗಳಿಂದ.

ಬಣ್ಣದ ವಿಷಯದಲ್ಲಿ ನಿಮ್ಮ ಸೋದರಮಾವನವರ ಮಾತನ್ನು ನಾನು ಗೌರವದಿಂದಲೇ ತಳ್ಳಿಹಾಕುತ್ತೇನೆ. ಬಣ್ಣವಿಲ್ಲದ ‘ಡಿ’ಯಿಂದ ಹಳದಿಯ ‘ಝಡ್’ವರೆಗಿನ ಅಳತೆಯಲ್ಲಿ ‘ಎಲ್’ ಎಂದರೆ ಮಸುಕು ಹಳದಿ, ಬೆಲೆಯಲ್ಲಿ ದೊಡ್ಡ ಇಳಿತ. ಹಳದಿ ಚಿನ್ನದ ಪಟ್ಟಿಯೊಳಗೆ ಕೂತ ಮೇಲೆ ಆ ಛಾಯೆ ಚಿನ್ನದ್ದೋ ಕಲ್ಲಿನದ್ದೋ ಎಂದು ಹೇಳುವುದು ಕಷ್ಟ. ಅದೇ ಕಲ್ಲನ್ನು ಬಿಳಿ ಚಿನ್ನದಲ್ಲಿ ಅಥವಾ ಪ್ಲಾಟಿನಂನಲ್ಲಿ ಕೂರಿಸಿದರೆ ಎದ್ದು ಕಾಣುತ್ತದೆ. ಹಣ ಕಡಿಮೆಯಿರುವಾಗ ಬಣ್ಣವನ್ನು ಬಿಟ್ಟುಕೊಡಿ, ಬೆಳಕನ್ನು ಬಿಟ್ಟುಕೊಡಬೇಡಿ.

ಮಂಡ್ಯ, ಪೇಟೆ ಬೀದಿ

ಮೇಲಿನ ಮೇಡಂ ಅವರ ವಿವರಣೆ ಚೆನ್ನಾಗಿದೆ. ಆದರೂ ಒಂದು ಪ್ರಶ್ನೆ ಕೇಳಲೇಬೇಕು. ಲ್ಯಾಬ್‌ನಲ್ಲಿ ಬೆಳೆಸಿದ ವಜ್ರವನ್ನು ಇದೇ ಹಳೆಯ ಕಟಿಂಗ್‌ನಲ್ಲಿ ಸೂರತ್‌ನಲ್ಲಿ ಈಗ ಕತ್ತರಿಸಿ ಕೊಡುತ್ತಾರೆ. ಅದೂ ಇಂಗಾಲವೇ, ಅದೂ ವಜ್ರವೇ. ಚಕ್ಕೆ ಇಲ್ಲ, ಹಳದಿ ಇಲ್ಲ, ಒಂದು ಕ್ಯಾರೆಟ್ ತೆಗೆದುಕೊಂಡರೂ ಹಣ ಉಳಿಯುತ್ತದೆ. ಚಕ್ಕೆ ಹೋದ ಹಳೆಯ ಕಲ್ಲಿಗೆ ಲಕ್ಷದ ಮಾತು ಏಕೆ?

ಇನ್ನೊಂದು ಸಂಗತಿ. ಈ ಹಳೆಯ ಕಲ್ಲುಗಳನ್ನು ತೀಡಿದ್ದು ದೀಪದ ಬೆಳಕಿಗೆ. ನಮ್ಮ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಹುಟ್ಟಿದಾಗಲೂ ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, ಮನೆಗಳಿಗಲ್ಲ. ನಮ್ಮ ಮುತ್ತಜ್ಜಿಯರ ಓಲೆ ಹೊಳೆದದ್ದು ಹರಳೆಣ್ಣೆ ದೀಪದ ಮುಂದೆ. ಕಚೇರಿಯ ಎಲ್‌ಇಡಿ ಟ್ಯೂಬ್‌ನ ಕೆಳಗೆ ದಿನವಿಡೀ ಕೂರುವ ಹುಡುಗಿಯ ಬೆರಳಲ್ಲಿ ಅದು ಹಾಗೆಯೇ ಹೊಳೆಯುತ್ತದೆಯೇ?

ಕುವೆಂಪುನಗರ, ರತ್ನಶಾಸ್ತ್ರ ಕಲಿತವಳು

ಹೊಳೆಯುವುದಿಲ್ಲ, ನಿಮ್ಮ ಮಾತು ಸರಿ. ಚಾವಣಿಯ ತುಂಬ ಒಂದೇ ಸಮನೆ ಹರಡಿದ ಬೆಳಕಿನಲ್ಲಿ ಯಾವ ವಜ್ರದಿಂದಲೂ ಬಣ್ಣದ ಕಿಡಿ ಅಷ್ಟಾಗಿ ಏಳುವುದಿಲ್ಲ; ಹೊಸ ಕಲ್ಲು ಆಗ ಬಿಳಿ ಹೊಳಪಿನಿಂದ ಆ ಕೊರತೆಯನ್ನು ತುಂಬಿಕೊಳ್ಳುತ್ತದೆ, ಹಳೆಯದು ತುಸು ಮಂಕಾಗುತ್ತದೆ. ಸಂಜೆ ಮನೆಯ ಒಂಟಿ ದೀಪದ ಕೆಳಗೋ ದೇವರ ಮನೆಯಲ್ಲೋ ಅದರ ಸರದಿ ಬರುತ್ತದೆ. ಕೊಳ್ಳುವ ಮೊದಲು ಎರಡೂ ಬಗೆಯ ಬೆಳಕಿನಲ್ಲಿ ಹುಡುಗಿಯೇ ನೋಡಬೇಕೆನ್ನುವುದು ಇದಕ್ಕಾಗಿಯೇ.

ಲ್ಯಾಬ್ ವಜ್ರದ ಬಗ್ಗೆ ನನಗೆ ತಕರಾರಿಲ್ಲ. ಲ್ಯಾಬ್‌ನದು ಎಂದು ಹೇಳಿ ಆ ಬೆಲೆಗೆ ಮಾರಿದರೆ ಒಳ್ಳೆಯ ವ್ಯಾಪಾರವೇ. ಮರಳಿ ಮಾರುವಾಗ ಕೈಗೆ ಬಹಳ ಕಡಿಮೆ ಬರುತ್ತದೆ ಎಂಬುದನ್ನು ತಿಳಿದಿದ್ದರೆ ಸಾಕು. ಆತಂಕ ಇರುವುದು ಬೇರೆ ಕಡೆ. ಹೊಸದಾಗಿ ಕತ್ತರಿಸಿದ ಕಲ್ಲನ್ನು, ಕೆಲವೊಮ್ಮೆ ಲ್ಯಾಬ್ ಕಲ್ಲನ್ನೇ, ಹಳೆಯ ಉಂಗುರದಲ್ಲಿ ಕೂರಿಸಿ ‘ಅಜ್ಜಿಯ ಕಾಲದ್ದು’ ಎಂದು ಮಾರುವವರಿದ್ದಾರೆ. ಲೂಪ್‌ನಿಂದ ನೋಡಿ ಲ್ಯಾಬ್ ವಜ್ರವನ್ನು ಖಚಿತವಾಗಿ ಗುರುತಿಸಲಾಗದು. ಅಂಗಡಿಯಲ್ಲಿ ಶಾಖದಿಂದ ವಜ್ರವನ್ನು ಪರೀಕ್ಷಿಸಿ ‘ಬೀಪ್’ ಎನ್ನುವ ಪೆನ್ನಿಗೂ ಅದು ವಜ್ರವೇ. ವಜ್ರದಂತೆ ಕಾಣುವ ಮೊಯ್ಸನೈಟ್ ಎಂಬ ಬೇರೆ ಕಲ್ಲು ಕೂಡ ಆ ಪೆನ್ನನ್ನು ಏಮಾರಿಸಬಲ್ಲದು. ಪ್ರಯೋಗಾಲಯದ ವರದಿ ಬೇಕೇ ಬೇಕು.

ಆದರೆ ವರದಿಯಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂಬುದು ಗೊತ್ತಿರಲಿ. ಜಿಐಎ ಎಂಬ ರತ್ನ ಪರೀಕ್ಷೆಯ ಸಂಸ್ಥೆಯ ವರದಿಯಲ್ಲಿ ‘ಓಲ್ಡ್ ಯುರೋಪಿಯನ್ ಬ್ರಿಲಿಯಂಟ್’ ಎಂದು ಬರೆದಿದ್ದರೆ ಅದು ಕಟಿಂಗ್‌ನ ಶೈಲಿಯ ವಿವರಣೆ ಮಾತ್ರ. ಕಲ್ಲನ್ನು ಯಾವ ಇಸವಿಯಲ್ಲಿ ಕತ್ತರಿಸಿದರು ಎಂಬುದಕ್ಕೆ ಪುರಾವೆಯಲ್ಲ. ಇಂದಿನ ದುಂಡು ವಜ್ರಕ್ಕೆ ಕೊಡುವಂತೆ ಹಳೆಯ ಕಟಿಂಗ್‌ಗೆ ‘ಎಕ್ಸಲೆಂಟ್’, ‘ವೆರಿ ಗುಡ್’ ಎಂಬ ಕಟ್ ಶ್ರೇಣಿಯನ್ನೂ ಅವರು ಕೊಡುವುದಿಲ್ಲ. ನೈಸರ್ಗಿಕವೇ, ತೂಕವೆಷ್ಟು, ಬಣ್ಣವೇನು, ಶುದ್ಧತೆಯೇನು ಎಂಬುದು ವರದಿಯಿಂದ ತಿಳಿಯುತ್ತದೆ. ಚೆಲುವನ್ನು ಕಣ್ಣಿನಿಂದಲೇ ಅಳೆಯಬೇಕು. ವಯಸ್ಸಿಗೆ ಸುಳಿವು ಕಲ್ಲಿನಲ್ಲೇ ಸಿಗುತ್ತದೆ. ಹಳೆಯದರ ಸುತ್ತಂಚು ಉಜ್ಜಿದ ಗಾಜಿನಂತೆ ಮಬ್ಬಾಗಿ, ದಪ್ಪ ತೆಳುವಾಗಿ ಅಲೆಅಲೆಯಾಗಿರುತ್ತದೆ. ಮುಖಗಳು ಕೂಡುವ ಗೆರೆಗಳು ಸವೆದಿರುತ್ತವೆ. ಎದುರುಬದುರು ಮುಖಗಳು ಒಂದೇ ಅಳತೆಯಲ್ಲಿರುವುದಿಲ್ಲ. ಎಲ್ಲವೂ ಅಚ್ಚುಕಟ್ಟಾಗಿ ಸಮವಾಗಿದ್ದರೆ ಹೊಸದೆಂದು ಶಂಕಿಸಿ, ಹೊಸದರ ಬೆಲೆಯನ್ನೇ ಕೊಡಿ. ನನ್ನ ದೃಷ್ಟಿಯಲ್ಲಿ ಹೊಸದಾಗಿ ಕತ್ತರಿಸಿದ ನೈಸರ್ಗಿಕ ಕಲ್ಲೂ ಕೀಳಲ್ಲ, ಹಳೆಯದೆಂಬ ಹೆಚ್ಚುವರಿ ಬೆಲೆಯನ್ನು ಅದಕ್ಕೆ ಕೊಡಬಾರದು ಅಷ್ಟೇ.

ವಿಜಯನಗರ ಎರಡನೇ ಹಂತ

ಇಷ್ಟೆಲ್ಲ ಓದಿದ ಮೇಲೆ ನನಗೆ ತೋಚಿದ್ದು: ಹುಡುಗಿಗೆ ಇಷ್ಟವಾದದ್ದು ಏಳು ಕಲ್ಲಿನ ಓಲೆಯಾದರೆ ಉಂಗುರವನ್ನೂ ಏಳು ಕಲ್ಲಿನದೇ ಏಕೆ ಮಾಡಿಸಬಾರದು? ಎಂಟೆಂಟು ಸೆಂಟ್‌ನ ಕಲ್ಲು ಒಂದೊಂದೂ ಸುಮಾರು 2.8 ಮಿಲಿಮೀಟರ್ ಅಗಲವಿರುತ್ತದೆ. ನಡುವೆ ಒಂದು, ಸುತ್ತ ಆರು ಇಟ್ಟರೆ ಎಂಟು ಮಿಲಿಮೀಟರ್ ದಾಟಿದ ಹೂವು ಆಗುತ್ತದೆ. ಒಟ್ಟು ತೂಕ 56 ಸೆಂಟ್ ಆದರೂ ಚಿಕ್ಕ ಕಲ್ಲಿನ ಕ್ಯಾರೆಟ್ ದರ ಒಂಟಿ ದೊಡ್ಡ ಕಲ್ಲಿನ ದರಕ್ಕಿಂತ ಬಹಳ ಕಡಿಮೆ. ನನ್ನ ಅತ್ತೆಯವರ ಕೈಯಲ್ಲಿ ಅಂಥದೊಂದಿದೆ. ದೂರದಿಂದಲೇ ಎದ್ದು ಕಾಣುತ್ತದೆ, ಆದರೆ ಚಪಾತಿ ಹಿಟ್ಟು ಕಲ್ಲುಗಳ ಸಂದಿನಲ್ಲಿ ಸೇರಿಕೊಂಡರೆ ತೆಗೆಯುವ ತಾಳ್ಮೆ ಬೇಕು ಎಂಬುದನ್ನೂ ಹೇಳಿಬಿಡುತ್ತೇನೆ.

ಕಲ್ಲು ಕೂರಿಸುವವನು

ಏಳು ಕಲ್ಲಿನ ಸಲಹೆ ಒಳ್ಳೆಯದೇ. ಕಷ್ಟವಿರುವುದು ಜೋಡಿ ಹೊಂದಿಸುವುದರಲ್ಲಿ. ಹಳೆಯ ಚಿಕ್ಕ ಕಲ್ಲುಗಳಲ್ಲಿ ಕೆಲವಕ್ಕೆ ಪೂರ್ತಿ 58 ಮುಖ, ಕೆಲವಕ್ಕೆ ಮೇಲೆ ಎಂಟು, ಕೆಳಗೆ ಎಂಟು ಮಾತ್ರ. ಎರಡನ್ನೂ ಬೆರೆಸಿ ಕೂರಿಸಿದರೆ ಒಂದೊಂದು ಒಂದೊಂದು ರೀತಿ ಮಿನುಗುತ್ತದೆ. ಹಳೆಯ ಓಲೆಯೊಂದನ್ನು ಪೂರ್ತಿಯಾಗಿ ಕೊಂಡು ಬಿಚ್ಚಿಸುವುದೇ ಸುಲಭ. ಓಲೆ ಹಿಂಬದಿ ಮುಚ್ಚಿದ ಕ್ಲೋಸ್ಡ್ ಸೆಟ್ಟಿಂಗ್‌ನದಾಗಿದ್ದರೆ ಕಲ್ಲಿನ ಹಿಂದೆ ಹೊಳೆಯುವ ತಗಡು ಇರುತ್ತದೆ. ಬಿಚ್ಚಿದ ಮೇಲೆ ಕಲ್ಲಿನ ನಿಜವಾದ ಬಣ್ಣ ಹೊರಬೀಳುತ್ತದೆ, ಅದು ನೀವು ಕಂಡ ಬಣ್ಣವೇ ಆಗಿರಬೇಕೆಂದಿಲ್ಲ. ಅಂಥ ಒಡವೆಯನ್ನು ಸೋಪಿನ ನೀರಿನಲ್ಲಿ ನೆನೆಹಾಕಲೂಬಾರದು. ನೀರು ಒಳಗೆ ಸೇರಿದರೆ ತಗಡು ಕಪ್ಪಾಗುತ್ತದೆ.

ಸರಸ್ವತಿಪುರಂ ನಿವಾಸಿ

ಎಲ್ಲರಿಗೂ ಕೃತಜ್ಞತೆಗಳು. ಎರಡನೆಯ ಕಲ್ಲನ್ನು ಬಿಚ್ಚಿ ತೂಗಿಸಿ ಎಂದು ಕೇಳಿದಾಗ ಅಂಗಡಿಯವರು ಮೊದಲು ಹಿಂಜರಿದರೂ ನಂತರ ಒಪ್ಪಿದರು. ತಕ್ಕಡಿ ತೋರಿಸಿದ್ದು 66 ಸೆಂಟ್. ಬೆಲೆ ಇಳಿಸಲು ಅವರು ಸಿದ್ಧರಿದ್ದರು. ಆದರೆ ಆ ವೇಳೆಗೆ ನಾನೂ ಹುಡುಗಿಯೂ ಅದನ್ನು ಬಾಗಿಲ ಬಳಿ ನೆರಳಿನಲ್ಲಿ ಹಿಡಿದು ನೋಡಿಯಾಗಿತ್ತು: ನಡುವಿನ ಕಪ್ಪು ಯಾವ ಕಡೆಗೆ ಓಲಾಡಿಸಿದರೂ ಅಲ್ಲೇ ಇತ್ತು. ಮೊದಲ ಕಲ್ಲನ್ನು ಹಾಗೆಯೇ ಹಿಡಿದಾಗ ಹುಡುಗಿ ಬೇರೇನೂ ಹೇಳದೆ ‘ಇದು’ ಎಂದರು. ಚಕ್ಕೆಯಿಂದ ಒಳಕ್ಕೆ ಗೆರೆ ಹೋಗಿಲ್ಲವೆಂದು ಲೂಪ್‌ನಲ್ಲಿ ಖಚಿತಪಡಿಸಿಕೊಂಡೆವು. ಏಳು ಕಲ್ಲಿನದು ಬೇಡ, ಅಜ್ಜಿಯ ಓಲೆ ಹೇಗೂ ಮುಂದೆ ತನಗೇ ಬರುತ್ತದೆ ಎಂದು ಅವರು ನಕ್ಕರು.

ಸೋದರಮಾವ ಇನ್ನೂ ಪೂರ್ತಿ ಒಪ್ಪಿಲ್ಲ. ‘ಬ್ಲೂ ಜಾಗರ್’ ಅಲ್ಲದ ವಜ್ರ ವಜ್ರವೇ ಅಲ್ಲ ಎನ್ನುತ್ತಿದ್ದಾರೆ. ಇದಕ್ಕೆ ಏನು ಉತ್ತರ ಹೇಳಲಿ? ಬಿಲ್ಲಿನಲ್ಲಿ ಏನೇನು ಬರೆಸಿಕೊಳ್ಳಬೇಕು?

ಕುವೆಂಪುನಗರ, ರತ್ನಶಾಸ್ತ್ರ ಕಲಿತವಳು

ಅದು ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೀನ್ ಗಣಿಯ ನೆನಪಿನಲ್ಲಿ ನೀಲಿ ಛಾಯೆಯ ಬಿಳಿ ವಜ್ರಕ್ಕೆ ನಮ್ಮ ಕಡೆಯ ಅಂಗಡಿಗಳಲ್ಲಿ ಉಳಿದುಕೊಂಡಿರುವ ಹೊಗಳಿಕೆ. ಯಾವ ಪ್ರಯೋಗಾಲಯವೂ ಹಾಗೊಂದು ದರ್ಜೆ ಕೊಡುವುದಿಲ್ಲ. ನೇರಳಾತೀತ ಬೆಳಕಿನಲ್ಲಿ ನೀಲಿಯಾಗಿ ಬೆಳಗುವ ಗುಣವನ್ನು ವರದಿಯಲ್ಲಿ ‘ಫ್ಲೋರೆಸೆನ್ಸ್’ ಎಂದು ಬರೆದಿರುತ್ತಾರೆ, ಮಾವನವರಿಗೆ ಆ ಸಾಲನ್ನು ತೋರಿಸಿ. ನಿಮ್ಮ ‘ಎಲ್’ ಬಣ್ಣದ ಕಲ್ಲಿಗೆ ಆ ನೀಲಿ ಇದ್ದರೆ ಹಗಲಿನಲ್ಲಿ ಹಳದಿ ತುಸು ಅಡಗುತ್ತದೆ, ಅದು ನಿಮಗೆ ಲಾಭವೇ.

ಕಲ್ಲು ಬಿಡಿಯಾಗಿರುವಾಗಲೇ ವರದಿ ಮಾಡಿಸಿ. ಕೂರಿಸಿದ ಮೇಲೆ ತೂಕವನ್ನೂ ಬಣ್ಣವನ್ನೂ ನಿಖರವಾಗಿ ಹೇಳಲಾಗದು. ಮುಂಗಡ ಕೊಡುವಾಗ ‘ವರದಿಯಲ್ಲಿ ನೈಸರ್ಗಿಕ ಎಂದು ಬಾರದಿದ್ದರೆ ಹಣ ವಾಪಸ್’ ಎಂದು ರಸೀತಿಯ ಮೇಲೆಯೇ ಬರೆಸಿಕೊಳ್ಳಿ, ಬಾಯಿಮಾತು ಸಾಲದು.

ಕಲ್ಲು ಕೂರಿಸುವವನು

ಬಿಲ್ಲಿನಲ್ಲಿ ಚಿನ್ನದ ನಿವ್ವಳ ತೂಕ, ಕಲ್ಲಿನ ತೂಕ, ಕೂಲಿ, ತೆರಿಗೆ ಬೇರೆ ಬೇರೆ ಸಾಲಿನಲ್ಲಿರಬೇಕು. 65 ಸೆಂಟ್ ಎಂದರೆ 0.13 ಗ್ರಾಂ, ಅದನ್ನು ಚಿನ್ನದ ತೂಕದಿಂದ ಕಳೆದಿದ್ದಾರೆಯೇ ನೋಡಿಕೊಳ್ಳಿ. ಬಿಡಿ ಕಲ್ಲಿಗೆ ಜಿಎಸ್‌ಟಿ ಶೇಕಡಾ 1.5, ಸಿದ್ಧ ಆಭರಣಕ್ಕೆ ಶೇಕಡಾ 3. ಉಂಗುರವನ್ನು 22 ಕ್ಯಾರೆಟ್‌ನಲ್ಲಿ ಮಾಡಿಸಬೇಡಿ. ಆ ಚಿನ್ನ ಮೆದು, ಪಟ್ಟಿ ಬೇಗ ಸವೆಯುತ್ತದೆ. 18 ಕ್ಯಾರೆಟ್‌ನ ಹಳದಿ ಚಿನ್ನ ಸಾಕು, ಒಳಗೆ 750 (ಸಾವಿರದಲ್ಲಿ 750 ಪಾಲು ಚಿನ್ನ) ಎಂಬ ಗುರುತೂ ಪ್ರತಿ ಒಡವೆಗೆ ಪ್ರತ್ಯೇಕವಾಗಿ ಕೊಡುವ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆಯೂ ಇರಬೇಕು. 2023ರ ಏಪ್ರಿಲ್‌ನಿಂದ ಅದು ಕಡ್ಡಾಯ. ಆ ಹಾಲ್‌ಮಾರ್ಕ್ ಚಿನ್ನದ ಶುದ್ಧತೆಗೆ ಮಾತ್ರ ಸಂಬಂಧಿಸಿದ್ದು, ವಜ್ರಕ್ಕೆ ಅದರಿಂದ ಯಾವ ಖಾತರಿಯೂ ಇಲ್ಲ.

ಕೆಲಸಕ್ಕೆ ಕೊಡುವ ಮೊದಲು ಚಕ್ಕೆಯ ಜಾಗ ಕಾಣುವಂತೆ ಲೂಪ್ ಮೂಲಕ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದು, ಕೂರಿಸುವವರಿಗೂ ತೋರಿಸಿ. ಬೆರಳಿನ ಅಳತೆಯನ್ನು ಸಂಜೆ ಹೊತ್ತು ಕೊಡಿಸಿ, ಬೆಳಿಗ್ಗೆಯ ತಂಪಿನಲ್ಲಿ ಬೆರಳು ತುಸು ಸಣ್ಣಗಿರುತ್ತದೆ. ಹಿಗ್ಗಿಸಲೋ ಕುಗ್ಗಿಸಲೋ ಮತ್ತೆ ಬೆಂಕಿಗೆ ಹಿಡಿಯುವ ಪ್ರಮೇಯ ಈ ಕಲ್ಲಿಗೆ ಬರದಿದ್ದರೆ ಒಳ್ಳೆಯದು.